ಮೌಲಾಲಿಗೆ, ಸುಟ್ಟ ಕಾಯಿಲಿನ ಬಗ್ಗೆ

ಮೌಲಾಲಿ,
ನೀ ಸುತ್ತಿಕೊಟ್ಟ ಕಾಯಿಲ್ ಮತ್ತ ಹೋತು.
ಕೆಳಗಿಂದ ಮೂರನೇ ಸುತ್ತು, ಬಾಗಿಲ ಕಡೀದು.
ಬೈಯಬ್ಯಾಡ, ಮೊದಲ ಕೇಳು.

ಗ್ಯಾರಂಟಿ ಇಲ್ಲ ಅಂತ ಆವತ್ತೇ ಅಂದಿದ್ದಿ,
ಪಂಪ್‌ಸೆಟ್ಟಿನ ಎಣ್ಣಿ ಹತ್ತಿದ ಕೈಲೆ ಮುಚ್ಚಳ ತಟ್ಟಿ:
"ಇದು ಆವಿಗಿ ಅಲ್ಲ ಹುಲಿಗೆವ್ವಾ, ಅಕ್ಕಿ ಡಬ್ಬಿ.
ಇದರಾಗ ಹೊಗಿ ಮಾಡಬ್ಯಾಡ.
ತಂತಿ ಮ್ಯಾಲ ತೆಳ್ಳಗ ಒಂದು ಚರ್ಮ ಇರ್ತದ.
ಹೊಗಿ ಅದನ್ನ ತಿಂದ್ರ ತಂತಿ ಬತ್ತಲೆ."

ತಪ್ಪು ನಂದೇ.
ಆದ್ರ ಕರಿ ಅಂದ್ರ ಏನಂತ ನಿನಗ ಹೇಳಬೇಕು.

ಸಣ್ಣಾಕಿದ್ದಾಗ ಮಸ್ಕಿ ಗುಡ್ಡದ ಬುಡದಾಗ
ಕುಂಟಾಬಿಲ್ಲಿಗೆ ಬೋಕಿ ಆರಿಸ್ತಿದ್ವಿ.
ನನ್ನ ಹತ್ರ ಒಂದಿತ್ತು, ಹೊರಗ ಕೆಂಪು, ಒಳಗ ಕರಿ.
ಉಗುರಿಲೆ ಕೆರೆದ್ರ ಬರತಿರಲಿಲ್ಲ, ಹಚ್ಚಿದ್ದಲ್ಲ ಅದು.
ಯಾವಾಕಿ ಮಾಡಿದ್ಲೋ, ಯಾವ ಕಾಲಕ್ಕೋ.
ಎಸೆದ ಮನ್ಯಾಗ ಜಾರದ ನಿಲ್ಲತಿತ್ತು,
ನನಗ ಅಷ್ಟ ಬೇಕಿತ್ತು.

ಅಪ್ಪ ಹರವಿ ಬಡಕೋತ ಹೇಳಿದ್ದ:
"ಕರಿ ಹಚ್ಚೂದಲ್ಲವ್ವಾ, ಉಸಿರು ಕಟ್ಟಿಸೂದು.
ಮಣ್ಣಾಗ ಕಬ್ಬಿಣ ಅದ, ಗಾಳಿ ಕುಡದು ಕೆಂಪಾಗ್ಯಾದ,
ನಮ್ಮ ಬಾಗಿಲ ಚಿಲಕದಂಗ.
ಬೆಂಕಿ ಹಸದಾಗ ಆವಿಗಿ ಬಾಯಿ ಮುಚ್ಚು.
ಹೊರಗ ಗಾಳಿ ಸಿಗದ ಬೆಂಕಿ
ಮಣ್ಣಿನ ಹೊಟ್ಟ್ಯಾಗಿಂದು ಕಡ ಕೇಳ್ತದ.
ಮಣ್ಣು ಕೊಡ್ತದ.
ಕೊಟ್ಟು ಕರ್ರಗಾಗ್ತದ."

ಅವನ ಆವಿಗಿ ಇದ್ದಲ್ಲಿ ಈಗ ಗೊಬ್ಬರದ ಗೋದಾಮು.
ನನಗಿರೂದು ಈ ಡಬ್ಬಿ, ತರಬೇತಿ ಮುಗಿಸಿದ್ದಕ್ಕ ಅರ್ಧ ರೇಟಿಗೆ,
ಸಿಂಗಲ್ ಫೇಸು.
ಸುಡ್ತದ, ಛಲೋನ ಸುಡ್ತದ.
ಆದ್ರ ಬಂದದ್ದೆಲ್ಲ ಒಂದ ಸಮ ಕೆಂಪು,
ಪ್ರಾರ್ಥನಾಕ್ಕ ನಿಂತ ಸಾಲಿ ಹುಡುಗರಂಗ.

ಅದಕ್ಕ ಗಡಿಗಿಯೊಳಗ ಗಡಿಗಿ ಇಟ್ಟೆ.
ಸಿಂಧನೂರ ಮಿಲ್ಲಿನ ಭತ್ತದ ಹೊಟ್ಟು ಎರಡು ಬೊಗಸಿ,
ಮ್ಯಾಲ ಪರ್ಯಾಣ ಮುಚ್ಚಿ, ಸಂದಿಗೆ ಹಸಿಮಣ್ಣು ಮೆತ್ತಿ
"ಒಳಗ ಇರು, ಮೌಲಾಲಿ ತಂತಿ ಮುಟ್ಟಬ್ಯಾಡ" ಅಂತ
ಹೊಗಿಗೆ ಬೆರಳೊತ್ತಿ ಒತ್ತಿ ಹೇಳಿದೆ.

ರಾತ್ರಿ ಹತ್ತಕ್ಕ ಸ್ವಿಚ್ ಹಾಕಿದೆ. ನೂರು. ಇನ್ನೂರು.
ಶಕ್ತಿನಗರದಾಗ ಕಲ್ಲಿದ್ದಲು ಸುಡತಾರ.
ಆ ಬೆಂಕಿ ತಂತಿಗುಂಟ ನಡಕೋತ ಬಂದು
ನನ್ನ ಪಡಸಾಲ್ಯಾಗ ಮತ್ತ ಬೆಂಕಿ ಆಗ್ತದ,
ಹೊಗಿ ಮಾತ್ರ ಅಲ್ಲೇ ಬಿಟ್ಟು ಬರತದ.
ನಾ ಕೇಳಿದ್ದು ಆ ಹೊಗೀನ.

ಏಳುನೂರು ದಾಟಿದ ಮ್ಯಾಲ ಸಂದಿ ಸೀಳಿತು.
ಅಮರವ್ವ ಕೆಮ್ಮಕೋತ ಎದ್ಲು:
"ಅಕ್ಕ, ಮಿಲ್ಲು ಸುಟ್ಟಂಗ ನಾರತದ."
ಇಣುಕು ತೂತಿನಾಗ ಬೆಳಕು ಮಬ್ಬಾಗಿತ್ತು,
ಎಳಿ ಎಳಿ ನಾಲಿಗಿ, ನಿನ್ನ ತಂತಿ ನೆಕ್ಕಕೋತ.

ಬಂದ್ ಮಾಡಬಹುದಿತ್ತು.
ಕೈ ಸ್ವಿಚ್ಚಿನ ಮ್ಯಾಲೇ ಇತ್ತು, ಸುಳ್ಳ್ಯಾಕ ಹೇಳಲಿ.
ಇನ್ನೊಂದು ತಾಸು ಅಂತ ತಡದೆ.
ಮುಕ್ಕಾಲು ತಾಸಿಗೆ ಟಕ್ ಅಂತು.
ಅಷ್ಟ. ಮುದುಕಿ ಲೊಚಗುಟ್ಟಿದಷ್ಟು ಸಪ್ಪಳ.

ಮರುದಿನ ಸಂಜಿತನ ತೆಗೀಲಿಲ್ಲ.
ಬಿಸಿ ಇದ್ದಾಗ ತೆಗದ್ರ ಕೊಟ್ಟ ಕಡ ಗಾಳಿ ಕೈಲೆ
ವಾಪಸ್ ಇಸಕೊಂಡು ಮಣ್ಣು ಮತ್ತ ಕೆಂಪಾಗ್ತದ.

ಎರಡಿಟ್ಟಿದ್ದೆ. ಒಂದು ಬಿರಕು ಬಿಟ್ಟಾದ.
ಇನ್ನೊಂದು, ಮೌಲಾಲಿ,
ಹಳ್ಳದಾಗಿಂದ ಎದ್ದ ಎಮ್ಮಿ ಬೆನ್ನು.
ಸಂದಿ ಸೀಳಿದ ಕಡಿಗೆ ಮಾತ್ರ
ಹೆಬ್ಬೆಟ್ಟಿನಷ್ಟು ಕೆಂಪು ಉಳದಾದ.
ಲಿಂಗಸುಗೂರಿನ ಗಿರಾಕಿ "ಕಲಿ ಅದಲ್ಲ" ಅಂತ ಬಿಟ್ಟು ಹೋದ.
ಹೋಗಲಿ.

ಈಗ ವ್ಯವಹಾರ.
ಹಳೇ ತಂತಿ ಅಮರವ್ವನ ಕೈಯಾಗ ಕಳಿಸೀನಿ, ಹುಷಾರು,
ಮುಟ್ಟಿದ್ರ ಹಪ್ಪಳದಂಗ ಮುರೀತದ.
ಹೊಸದಕ್ಕ ಎಷ್ಟು ಹೇಳು, ಎರಡು ಕಂತಿಗೆ ಕೊಡ್ತೀನಿ.
ರೊಕ್ಕದ ಬದಲಿ ಗಡಿಗಿ ಕೇಳಬ್ಯಾಡ.

ನೀ ಸುತ್ತಿಕೊಟ್ಟ ಮ್ಯಾಲ ಮೊದಲನೇ ಸಲ ಖಾಲಿ ಸುಡ್ತೀನಿ,
ಗಡಿಗಿ ಇಲ್ಲ, ಹೊಟ್ಟಿಲ್ಲ,
ಮುಚ್ಚಳ ತುಸು ಎತ್ತಿ
ತಂತಿಗೆ ಗಾಳಿ ಕುಡಿಸ್ತೀನಿ. ಚರ್ಮ ಬರಲಿ.

ಎರಡನೇ ಸಲದ್ದು ಈಗ ಕೇಳಬ್ಯಾಡ.