ಗಿರಣಿ ಮೇಲಿನ ರೂಮು

ಎಡಗಡೆ ಫ್ರೆಂಚು, ಬಲಗಡೆ ಖಾಲಿ.
ನೂರ ಅರವತ್ತು ಸಾಲು, ಪದಕ್ಕೆ ಮೂರು ರೂಪಾಯಿ,
ಲಿಯಾನಿನ ಕಂಪನಿಗೆ ಶುಕ್ರವಾರದೊಳಗೆ ಬೇಕು:
ವಿಡಿಯೋ ಆಟದ ಪುಂಡರು ಹೊಡೆದಾಡುತ್ತ ಆಡುವ ಮಾತಿಗೆಲ್ಲ
ಇಂಗ್ಲಿಷು.
ಕನ್ನಡಕ್ಕೆ ಈ ಹಾಳೆಯಲ್ಲಿ ಕಾಲಮ್ಮಿಲ್ಲ.

ನಾನಿರುವುದು ಮಂಡ್ಯದ ಗುತ್ತಲು ರಸ್ತೆಯಲ್ಲಿ,
ಸಣ್ಣತಾಯಮ್ಮನ ಹಿಟ್ಟಿನ ಗಿರಣಿಯ ಮೇಲೆ.
ಬೆಳಗ್ಗೆ ಎಂಟಕ್ಕೆ ಬೆಲ್ಟು ಓಡಿತೆಂದರೆ
ಕುರ್ಚಿ, ಲ್ಯಾಪ್‌ಟಾಪು, ನಿಘಂಟು
ಮೂರೂ ಒಂದೇ ಹದಕ್ಕೆ ನಡುಗುತ್ತವೆ.
ಕೀಲಿಮಣೆಯ ಸಂದಿಯಲ್ಲಿ ರಾಗಿ.

ಮೊದಲ ಸಾಲು: ಪ್ಯಾಂ.
ಅಂದರೆ ಬ್ರೆಡ್ಡು. ಅಂದರೆ ಗುದ್ದು.
ತಗೋ ಒಂದು ಬ್ರೆಡ್ಡು ಅಂತ ಮೂತಿಗೆ ಇಕ್ಕುತ್ತಾನೆ ಫ್ರೆಂಚಿನವನು.
ಇಂಗ್ಲಿಷಿನವನು ಅದೇ ನಾಲ್ಕು ಅಕ್ಷರ ನೋಡಿ
ನೋವು ಅಂತ ಓದುತ್ತಾನೆ.
ಅವನದೂ ತಪ್ಪಲ್ಲ.

ಎರಡನೆಯದು ತಾರ್ತ್:
ಹಣ್ಣು ತುಂಬಿದ ಸಿಹಿತಿಂಡಿ, ಕೆನ್ನೆಗೆ ಬಿದ್ದರೆ ಕಪಾಳಮೋಕ್ಷ.
ಆಮೇಲೆ ಪ್ಲಮ್ ಹಣ್ಣು, ಅದೂ ಏಟೇ.
ಚೆಸ್ಟ್‌ನಟ್ಟು, ಈವರೆಗೆ ನಾನು ಕಣ್ಣಲ್ಲಿ ಕಾಣದ ಕಾಯಿ,
ಮೂಗು ಒಡೆಯುವ ಮುಷ್ಟಿ.
ಈ ಜನ ಹೊಡೆದಾಡುತ್ತಾರೋ
ಸಂತೆ ಮಾಡುತ್ತಾರೋ!

ಇಂಗ್ಲಿಷಿನ ನಿಘಂಟು ಬಗೆದೆ.
ಪಂಚು, ಸ್ಮ್ಯಾಕು, ಹಿಟ್ಟು.
ಹಿಟ್ಟಂತೆ!
ಕೆಳಗಡೆ ಬೇಕಾದಷ್ಟಿದೆ.
ಒಂದಕ್ಕೂ ಬಾಯಲ್ಲಿ ನೀರೂರುವುದಿಲ್ಲ.
ಹುಡುಕಿ ಹುಡುಕಿ ಬರೆದೆ: ನಕಲ್ ಸ್ಯಾಂಡ್‌ವಿಚ್.
ಸಂಜೆಗೆ ವಾಪಸು ಬಂತು, ಮೈಮೇಲೆ ಕೆಂಪು ಗೆರೆ ಎಳೆಸಿಕೊಂಡು:
ಇದು ತಾತಂದಿರ ಮಾತು, ಹದಿನಾರರ ಹುಡುಗರು ನಗುತ್ತಾರೆ.

ಹದಿನಾರರವನೊಬ್ಬ ಕೆಳಗೇ ಇದ್ದಾನೆ,
ಸಣ್ಣತಾಯಮ್ಮನ ಮೊಮ್ಮಗ ಲಿಖಿತ,
ಮೂಟೆಗೆ ಒರಗಿ, ಎರಡು ಹೆಬ್ಬೆಟ್ಟಲ್ಲೇ ಯುದ್ಧ ಮಾಡುವವನು.
ಕೇಳಿದೆ: ಫಾರ್ಮೆ ಅಂತಾರಲ್ಲ, ಏನೋ ಅದು?
ಒಂದೇ ರಾಕ್ಷಸನ್ನ ಮತ್ತೆ ಮತ್ತೆ ಕೊಂದು
ಚಿಲ್ಲರೆ ಬಂಗಾರ ಕೂಡಿಸೋದಂತೆ, ರಾತ್ರಿಯೆಲ್ಲ.
"ಅದಾ ಆಂಟಿ? ಗ್ರೈಂಡು."
ತಲೆ ಎತ್ತಲಿಲ್ಲ.
ಅವನ ಹಿಂದೆ ಕಲ್ಲು ತಿರುಗುತ್ತಿತ್ತು.
ಹೊಳಲಿನಿಂದ ಬಂದ ಗೌಡರೊಬ್ಬರು
ಬಿಸಿ ಹಿಟ್ಟನ್ನು ಅಂಗೈಯಲ್ಲಿ ಉಜ್ಜಿ ನೋಡಿ
"ಇನ್ನೊಂದ್ಸಲ ಬಿಡವ್ವ, ತರಿ ಐತೆ" ಅಂದರು.
ಫ್ರೆಂಚರು ಇಂಗ್ಲಿಷಿನಿಂದ ಹೊತ್ತೊಯ್ದದ್ದು ಬೇಸಾಯ,
ಇಂಗ್ಲಿಷರು ತಮಗೆಂದು ಇಟ್ಟುಕೊಂಡದ್ದು ಬೀಸುವುದು.
ಆ ಸಾಲು ತುಂಬಿತು.
ಮೂರು ರೂಪಾಯಿ.

ಅಷ್ಟರಲ್ಲಿ ಲಿಖಿತ ಸತ್ತ.
ಫೋನನ್ನು ಮೂಟೆಯ ಮೇಲೆ ಎಸೆದು
"ರುಬ್ಬಿಬಿಟ್ರು, ಬೆಂಡೆತ್ತಿಬಿಟ್ರು,
ಹಣ್ಣುಗಾಯಿ ನೀರುಗಾಯಿ ಮಾಡಿಬಿಟ್ರು" ಅಂದ.
ಅಜ್ಜಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ,
"ಎಷ್ಟು ಬಿತ್ತಲಾ ಕಜ್ಜಾಯ?"

ಮೆಟ್ಟಿಲ ಮೇಲೇ ನಿಂತುಬಿಟ್ಟೆ.
ಒದೆಯನ್ನೂ ತಿನ್ನುವ ಭಾಷೆ ನನ್ನದು,
ಗೂಸಾ ತಿಂದು, ಸೋತರೆ ಮಣ್ಣು ಮುಕ್ಕಿ
ಬಾಯಿ ಒರೆಸಿಕೊಂಡು ಎದ್ದು ಬರುವುದು.
ಪ್ಯಾಂ, ತಾರ್ತ್, ಕಜ್ಜಾಯ
ಒಂದೇ ಸಾಲಲ್ಲಿ ಕೂತಿವೆ;
ನಡುವೆ ಇಂಗ್ಲಿಷಿನ ಎಲೆ ಮಾತ್ರ ಹಾಸಿ ಹಾಗೇ ಇದೆ.

"ಗಾಟ್ ಸರ್ವ್ಡ್ ಅಂತ ಹಾಕಿ ಆಂಟಿ,
ಹಂಗೂ ಅಂತಾರೆ" ಅಂದ ಸತ್ತವನು,
ಮುಂದಿನ ಜೀವಕ್ಕೆ ಕಾಯುತ್ತ.

ಬಡಿಸಿದರು.
ಬಡಿಯ ಬಾಲಕ್ಕೆ ಒಂದು ಸು ಅಂಟಿದ್ದು ಯಾವಾಗ,
ಯಾರು ಅಂಟಿಸಿದರು, ಯಾವ ಸೌಟು ಕೈಯಲ್ಲಿ ಹಿಡಿದು?

ರಾತ್ರಿ ಬರೆದೆ. ಅಳಿಸಿದೆ. ಮತ್ತೆ ಬರೆದೆ.
ಬೆಲ್ಟು ನಿಂತಿದೆ, ಕುರ್ಚಿಗೆ ಇನ್ನೂ ತಿಳಿದಿಲ್ಲ.
ಕೆಳಗೆ ಸೋತವನ ತಟ್ಟೆಗೆ ಮುದ್ದೆ ಬಿದ್ದ ಸದ್ದು,
ಮೆತ್ತಗೆ, ಗುದ್ದಿನ ಹಾಗೇ.

ಮುಂದಿನ ಸಾಲು: ಪ್ರಾಂದ್ರ್ ಶೇರ್.
ದುಬಾರಿಯಾಗಿ ತಗೊಳ್ಳುವುದು, ಅಂದರೆ ಸರಿಯಾಗಿ ಏಟು ತಿನ್ನುವುದು.
ಇದನ್ನು ಯಾರ ಹತ್ತಿರ ಕೇಳಲಿ?
ಸಣ್ಣತಾಯಮ್ಮ ಗಲ್ಲಾಪೆಟ್ಟಿಗೆಗೆ
ಬೀಗ ಹಾಕಿ ಎಳೆದು ನೋಡುತ್ತಿದ್ದಾಳೆ.