ರಸಮಟ್ಟ

ಕಾರನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿದೆ.
ನೆನೆಯಲಿ, ಅದಕ್ಕೇನು.
ಗ್ಯಾರೇಜು ಇನ್ನು ಲೇತಿನದು.

ಮುಚ್ಚಿಹೋದ ತಾಂತ್ರಿಕ ಶಾಲೆಯ ಹರಾಜಿನಲ್ಲಿ
ಕೈ ಎತ್ತಿದವಳು ನಾನೊಬ್ಬಳೇ.
ಎಂಟುನೂರು ಕಿಲೋ; ಗುಜರಿಯ ಬೆಲೆಗಿಂತ ನೂರು ಯೂರೋ ಹೆಚ್ಚು.
ಪಕ್ಕದ ಮನೆಯ ತೌನೋ, ಅವನ ಅಳಿಯ,
ಮೂರು ನೀರಿನ ಪೈಪು, ಒಂದು ಹಾರೆ.
ಪೈಪಿನ ಮೇಲೆ ಗೇಣುದ್ದ ಉರುಳಿಸಿ,
ಹಿಂದೆ ಉಳಿದ ಪೈಪನ್ನು ಮುಂದೆ ತಂದಿಟ್ಟು
ಮತ್ತೆ ಒಂದು ಗೇಣು.
"ಇರ್ಯಾ, ನಿವೃತ್ತರಾದವರು ಹೂವಿನ ಗಿಡ ನೆಡುತ್ತಾರಮ್ಮ,"
ಎಂದ ತೌನೋ, ಬೆವರು ಒರೆಸಿಕೊಳ್ಳುತ್ತ.
ಆ ದಿನ ಮೈನಸ್ ಹದಿನಾಲ್ಕು.

ಹತ್ತೊಂಬತ್ತಕ್ಕೆ ನಾನು ಟರ್ನರ್.
ತಾಂಪೆರೆಯ ಎಂಜಿನ್ ಕಾರ್ಖಾನೆ,
ಮೂರನೇ ಸಾಲು, ಕಿಟಕಿಯ ಪಕ್ಕ.
ಇಪ್ಪತ್ತೇಳಕ್ಕೆ ಆ ಸಾಲೇ ಇಲ್ಲವಾಯಿತು.
ಆಮೇಲೆ ಮೂವತ್ತೆಂಟು ವರ್ಷ ಸಿಟಿ ಬಸ್ಸು.
ದುಂಡಗಿನದೊಂದನ್ನು ತಿರುಗಿಸುತ್ತಲೇ ಇದ್ದೆ ಅನ್ನಿ;
ಆದರೆ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ
ಅದು ಸಣ್ಣದಾಗುವುದಿಲ್ಲ,
ಸಂಜೆ ಒಬ್ಬರ ಅಂಗೈಯಲ್ಲಿಡಲು
ಏನೂ ಉಳಿದಿರುವುದಿಲ್ಲ.

ತುಕ್ಕು ಬಿಡಿಸುವುದಕ್ಕೇ ಏಪ್ರಿಲ್ ಪೂರ್ತಿ ಹೋಯಿತು.
ಸೀಮೆಎಣ್ಣೆ, ಹಳೆ ಬನಿಯನ್ನು, ಹಲ್ಲುಜ್ಜುವ ಬ್ರಷ್ಷು.
ಹಸಿರು ಬಣ್ಣ, ಕೆಳಗೆ ಬೂದು, ಅದರ ಕೆಳಗೆ ಇನ್ನೊಂದು ಹಸಿರು.
ತಟ್ಟೆಯ ಒಳಮೈಯಲ್ಲಿ ಶಾಲೆಯ ಹುಡುಗರು ಕೊರೆದ ಅಕ್ಷರಗಳು,
ಒಂದು ಹೆಸರು, ಆ ಹೆಸರಿನ ಮೇಲೆ
ಬೇರೆ ಯಾರದೋ ಕೈಯ ಗೀಟು.
ಅಲ್ಲಿ ಮಾತ್ರ ಉಜ್ಜಲಿಲ್ಲ.

ಮಟ್ಟ ಮಾಡುವುದು ಇನ್ನೊಂದು ಕತೆ.
ಬೆಳಿಗ್ಗೆ ರಸಮಟ್ಟದ ಗುಳ್ಳೆ ನಡುಮಧ್ಯೆ,
ಮಧ್ಯಾಹ್ನಕ್ಕೆ ಎಡಕ್ಕೆ.
ನೆಲದೊಳಗಿನ ಹಿಮ ಕರಗುತ್ತ
ಕಾಂಕ್ರೀಟು ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿತ್ತು.
ನಾಲ್ಕು ಕಾಲಿಗೂ ತಗಡಿನ ಚೂರು ಕೊಟ್ಟೆ, ತೆಗೆದೆ, ಕೊಟ್ಟೆ.
ಸುಲೋ ಹೇಳುತ್ತಿದ್ದ, ನನಗೆ ಕೆಲಸ ಕಲಿಸಿದವನು:
"ಭೂಮಿಗೆ ಮಟ್ಟವಾಗದಿದ್ದರೆ ಬೇಡ ಹುಡುಗಿ,
ಲೇತು ತನ್ನೊಳಗೆ ತಾನು ತಿರುಚಿಕೊಂಡಿರಬಾರದು, ಅಷ್ಟೆ.
ಹಡಗಿನಲ್ಲೂ ಲೇತ್ ಇರುತ್ತದಲ್ಲ!"
ಅವನ ಮೈಕ್ರೋಮೀಟರ್ ಇನ್ನೂ ನನ್ನ ಬಳಿಯೇ ಇದೆ,
ಹಿಡಿಯ ಮೇಲೆ ಅವನ ಹೆಸರು, ಸೂಜಿಯಲ್ಲಿ ಬರೆದದ್ದು.
ಕೊನೆಯ ವಾರ ಎರವಲು ತಂದಿದ್ದೆ.
ಸೋಮವಾರ ಕೊಡುತ್ತೇನೆ ಎಂದಿದ್ದೆ.

ಮೇ ತಿಂಗಳು. ಮೊದಲ ಕೆಲಸ:
ಸೌನಾದ ಒಲೆಯ ಬಾಗಿಲಿಗೊಂದು ಕೀಲು.
ಹನ್ನೆರಡು ಮಿಲಿಮೀಟರ್ ದಪ್ಪ, ಬೆರಳುದ್ದ.
ಉಕ್ಕು ಚಕ್ಕಿನಲ್ಲಿ ಕೂತಿತು,
ಉಳಿಯ ತುದಿ ಮುಟ್ಟಿತು,
ಹುಲ್ಲಿನ ಬಣ್ಣದ ಸುರುಳಿಯೊಂದು ಬಿಚ್ಚಿಕೊಳ್ಳುತ್ತ ಬಂದು
ಬರಬರುತ್ತ ನೀಲಿಯಾಗಿ ಮುರಿದು ಬಿತ್ತು.
ಸುಟ್ಟ ಎಣ್ಣೆಯ ವಾಸನೆ.
ನನಗೆ ಗೊತ್ತಿಲ್ಲದೆ ನಾನು
ಕಿಟಕಿಯಿರಬೇಕಾದ ಕಡೆ ತಿರುಗಿ ನೋಡಿದೆ,
ಅಲ್ಲಿ ಸೈಕಲ್ಲು ನೇತಾಡುತ್ತಿತ್ತು.

ಇನ್ನು ಹದಿನೈದೇ ಗೆರೆ ಎಂದುಕೊಂಡು
ಹಿಡಿ ತಿರುಗಿಸಿದೆ, ಕಡೆದೆ, ಅಳೆದೆ.
ಹನ್ನೊಂದು ಪಾಯಿಂಟ್ ಎಂಟು ಐದು.
ಮತ್ತೆ ಅಳೆದೆ. ಕನ್ನಡಕ ಒರೆಸಿ ಅಳೆದೆ.
ಕಾರ್ಖಾನೆಯ ಲೇತಿನಲ್ಲಿ ಗೆರೆಗೆ ಒಂದು ಗೆರೆ ಹೋಗುತ್ತಿತ್ತು.
ಇದರಲ್ಲಿ ಗೆರೆಗೆ ಎರಡು,
ಎರಡೂ ಮಗ್ಗುಲಿಂದ ಒಂದೊಂದು.
ಕೈ ಮರೆತಿರಲಿಲ್ಲ.
ತೊಂದರೆಯಾದದ್ದೇ ಅದರಿಂದ.

ಬಸ್ ಡಿಪೋದಲ್ಲಿ ಕಲಿತ ಬೈಗುಳವೆಲ್ಲ ಬೈದು
ಎರಡನೆಯದಕ್ಕೆ ಉಕ್ಕು ಕತ್ತರಿಸಿದೆ.

ಶನಿವಾರ ಒಲೆ ಹಚ್ಚಿದೆ.
ಬಾಗಿಲು ಸದ್ದಿಲ್ಲದೆ ಮುಚ್ಚಿತು.
ಇಷ್ಟು ವರ್ಷ ಕಿರುಗುಟ್ಟುತ್ತಿದ್ದದ್ದು;
ಮುಚ್ಚಿತೋ ಇಲ್ಲವೋ ಎಂದು
ಎರಡು ಸಲ ಎದ್ದು ಹೋಗಿ ನೋಡಿದೆ.

ಕೆಟ್ಟ ಕೀಲು ತಟ್ಟೆಯಲ್ಲಿದೆ,
ಆ ಹುಡುಗರ ಅಕ್ಷರಗಳ ಮೇಲೆ.
ತೌನೋನ ದೋಣಿಯ ಹುಟ್ಟಿಗೆ
ಹತ್ತು ಮಿಲಿಮೀಟರಿನದೊಂದು ಬೇಕಂತೆ.
ಅದನ್ನೇ ಇಳಿಸಿದರಾಯಿತು.