ಮೊದಲ ಚೌಕ ನನ್ನದು

ಹಳದಿ ರಟ್ಟಿನ ಮೇಲೆ ಮೂವತ್ತೊಂದು ಚೌಕ.
ದಿನಕ್ಕೆ ಐನೂರು ನೈರಾ, ಚೌಕಕ್ಕೊಂದು ಗೀಟು.
ತಿಂಗಳ ಕೊನೆಗೆ ಅವರ ಹಣ ಅವರಿಗೆ,
ಮೊದಲ ಚೌಕ ನನ್ನದು.
ಇಷ್ಟೇ ನನ್ನ ಕಸುಬು. ಇಲಾಡೆಯ ಸಂತೆಯಲ್ಲಿ
ಅಕಿನ್ಲಾಬಿ ಎಂದು ನನ್ನನ್ನು ಕರೆಯುವವರಿಲ್ಲ.
ಅಲಾಜೊ ಬಂದ, ಅನ್ನುತ್ತಾರೆ,
ಕೆಲವರು ಆಗಲೇ ಬುಟ್ಟಿಯ ಹಿಂದೆ ಬಗ್ಗಿರುತ್ತಾರೆ.

ಹಬ್ಬ ಹತ್ತಿರವಾದದ್ದು ನನಗೆ ತಿಳಿಯುವುದು
ಡೋಲಿನಿಂದಲ್ಲ, ಖಾಲಿ ಚೌಕಗಳಿಂದ.
ನಾಳೆ ಎರಡು ದಿನದ್ದೂ ಒಟ್ಟಿಗೆ, ಅನ್ನುತ್ತಾಳೆ ಅಕ್ಕಿಯವಳು.
ನಾಡಿದ್ದು ಮೂರು ದಿನದ್ದು.
ದರ್ಜಿ ಲಾಲೆಕನ್ ಮಾತ್ರ
ಎರಡೆರಡು ಗೀಟು ಹಾಕಿಸುತ್ತಾನೆ, ನಗುತ್ತಾನೆ
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಒರೊ ಹೊರಡುವ ದಿನ ಹೆಂಗಸರು ಹೊಸ್ತಿಲು ದಾಟುವಂತಿಲ್ಲ.
ಸಂತೆ ಹೆಂಗಸರದ್ದು. ಹಾಗಾಗಿ ಸಂತೆಯೇ ಇಲ್ಲ.
ನಾನು ಗಂಡಸು, ನಡೆಯಬಹುದು. ನಡೆದೆ.
ಮಗುಚಿಟ್ಟ ಬೆಂಚುಗಳ ನಡುವೆ
ಇಯಾ ಮೊರೆನಿಕೆಯ ನಾಲ್ಕು ಬುಟ್ಟಿ ಟೊಮೆಟೊ
ಗೋಣಿಯ ಕೆಳಗೆ ಬೆವರುತ್ತಿತ್ತು.
ಉತ್ತರದ ಲಾರಿ ಒಂದು ದಿನ ತಡವಾಗಿ ಬಂದದ್ದಕ್ಕೆ
ಯಾವ ದೇವರೂ ಹೊಣೆಯಲ್ಲ.
ದೂರದಲ್ಲಿ ಒರೊ ಗುಂಯ್‌ಗುಡುತ್ತಿತ್ತು,
ಹತ್ತಿರದಲ್ಲಿ ನೊಣ.
ಹಬ್ಬದ ಆದಾಯ ಬರೆದುಕೊಳ್ಳಲು ಪ್ರತಿ ವರ್ಷ
ಪ್ರವಾಸೋದ್ಯಮದ ಗುಮಾಸ್ತ ಬರುತ್ತಾನೆ.
ಖಾಲಿ ಚೌಕ ಬರೆಯಲು ಅವನ ಫಾರಮ್ಮಿನಲ್ಲಿ ಜಾಗವಿಲ್ಲ.

ಆಮೇಲಿನ ವಾರ ಲೇಗೋಸಿನ ಬಸ್ಸುಗಳು.
ಐದು ಸಾವಿರದ ಕೋಣೆ ಹದಿನೈದಾಯಿತು,
ಬಾಬಾ ಗಾನಿಯು ಸಾಕಿದ ಆಡುಗಳಿಗೆ
ಒಮ್ಮೆಲೇ ವಂಶಾವಳಿ ಹುಟ್ಟಿತು,
ಇದರ ಅಜ್ಜಿಯನ್ನು ರಾಜರ ಮನೆಗೇ ಕೊಟ್ಟದ್ದು, ಎಂದು.
ಹೆಗ್ಗೆಣಸು ಕುಟ್ಟುವ ಒರಳು ರಾತ್ರಿ ಎರಡಾದರೂ ಮಲಗಲಿಲ್ಲ.
ಈ ಹಬ್ಬ ಸೈತಾನನದ್ದು ಎಂದು ಬೋಧಿಸಿದ ಪಾದ್ರಿಯ ಹೆಂಡತಿ
ಚರ್ಚಿನ ಗೇಟಿನಲ್ಲೇ ತಂಪು ನೀರು ಮಾರಿದಳು.
ಅವಳದ್ದೂ ಮೂರು ಗೀಟು ಹಾಕಿದೆ.

ಎಗುಂಗುನ್ ಬಂತು.
ಸತ್ತವರು ನಮ್ಮಲ್ಲಿ ಬಟ್ಟೆ ಹೊದ್ದು ಬರುತ್ತಾರೆ,
ಒಳಗೆ ಯಾರೆಂದು ಕೇಳಬಾರದು. ಕೇಳುವುದಿಲ್ಲ.
ಆದರೆ ನನ್ನ ಪುಸ್ತಕಕ್ಕೆ ಗೊತ್ತು:
ಹರ್ಮಟಾನ್ ಗಾಳಿಯ ದಿನಗಳಲ್ಲಿ ಒಬ್ಬ ಬಂದು
ಹನ್ನೆರಡು ಗಜ ಕೆಂಪು ಮಖಮಲ್ಲಿಗೆಂದು
ಅರವತ್ತು ಸಾವಿರ ಸಾಲ ಒಯ್ದಿದ್ದ.
ಹಳೆಯದರ ಮೇಲೆ ವರ್ಷಕ್ಕೊಂದು ಹೊಸ ಪದರ ಹೊಲಿಯಬೇಕು,
ಇಲ್ಲದಿದ್ದರೆ ನಮ್ಮಜ್ಜ ಬಡವನಾಗಿ ಬರುತ್ತಾನೆ, ಎಂದಿದ್ದ.
ಪುಟ ಹದಿನೇಳು. ಹೆಸರಿದೆ. ಹೇಳುವುದಿಲ್ಲ.

ಬಾಟಾ ಬಿರುಸಾಯಿತು. ಅಜ್ಜ ಗಿರ್ರನೆ ತಿರುಗಿದ.
ಪದರ ಪದರವೆದ್ದು ತೇಲಿತು, ಅವನಪ್ಪನ ಕಾಲದ ನೀಲಿ,
ಯಾರದೋ ಮದುವೆಯ ಜರಿ,
ಎಲ್ಲಕ್ಕೂ ಮೇಲೆ ನನ್ನ ಹನ್ನೆರಡು ಗಜ.
ಆ ಗಾಳಿ ಮೈಗೆ ತಾಗಿದರೆ ಒಳ್ಳೆಯದಂತೆ. ತಾಗಿತು.
ನಿಂತ, ನನ್ನ ಮುಂದೆಯೇ.
ಕಪ್ಪೆಯ ಗಂಟಲಲ್ಲಿ ಹರಸಿದ:
ನಿನ್ನ ಕೈ ಎಂದೂ ಬರಿದಾಗದಿರಲಿ.
ಜನ ನೋಡುತ್ತಿದ್ದರು.
ಐನೂರರ ನೋಟು ತೆಗೆದೆ. ಜನ ಇನ್ನೂ ನೋಡುತ್ತಿದ್ದರು.
ಇನ್ನೊಂದು ತೆಗೆದೆ.
ಕೊಟ್ಟವ ಕೋಡಂಗಿ, ಸರಿ,
ಸಾಲ ವಸೂಲಿಗೆ ಸತ್ತವರ ಕದ ತಟ್ಟುವುದು ಹೇಗೆ?

ಸೋಮವಾರ ಸಂತೆ.
ಎರಡು ಬುಟ್ಟಿ ಕೊಳೆತು ಹೋಯಿತು, ಅಂದಳು ಇಯಾ ಮೊರೆನಿಕೆ,
ಉಳಿದೆರಡಕ್ಕೆ ನಾಲ್ಕರ ಬೆಲೆ ಬಂತು.
ಕಾರ್ಡು ನೋಡಿ ಖಾಲಿ ಚೌಕದ ಮೇಲೆ ಬೆರಳಿಟ್ಟಳು:
ಇಲ್ಲೂ ಗೀಟು ಹಾಕು.
ಆ ದಿನವೂ ನಾನು ಬದುಕಿದ್ದೆ, ಮನೆಯೊಳಗೆ.
ಹಾಕಿದೆ, ಹಣ ಎಣಿಸದೆ.

ಗುರುವಾರ ಪುಟ ಹದಿನೇಳು ತಾನಾಗಿಯೇ ಬಂದ,
ಮೊದಲ ಕಂತು, ಒಂದು ಸಾವಿರ.
ಎರಡು ನೋಟು, ಬೆವರಿಗೆ ಅಂಟಿ ಒಣಗಿದವು,
ಒಂದರ ಮೂಲೆಯಲ್ಲಿ ಕೆಂಪು ನೂಲಿನ ಎಳೆ.
ಗಂಟಲು ಒಡೆದಿತ್ತು, ಮಾತೇ ಹೊರಡದು.
ಏನಾಯಿತಯ್ಯಾ, ಅಂದೆ.
ಶೀತ, ಅಂದ.
ಹೌದು, ಈ ವರ್ಷ ಶೀತ ಜಾಸ್ತಿ, ಅಂದೆ.
ಬರೆದುಕೊಂಡೆ.